ಗೊತ್ತಿಲ್ಲ ಅಂತ ಸಂಗಮದಲ್ಲಿ ಹೇಳಿ ಬಂದೆ

ಗೆಳೆಯಾ, ಶರಣು.

ನಿನ್ನ ಮೆಸೇಜು ಓದಿದಾಗ ರಾತ್ರಿ ಹನ್ನೊಂದೂವರೆ. ಒಬ್ಬ ಡಾಕ್ಟರು ನಿಮ್ಮ ಅವ್ವಗೆ ಹೃದಯದ ವಾಲ್ವ್ ಆಪರೇಷನ್ ಮಾಡಿಸಿ ಅಂತಾರೆ, ಇನ್ನೊಬ್ಬರು ಈ ವಯಸ್ಸಿಗೆ ಬೇಡ, ಮಾತ್ರೆಯಲ್ಲೇ ನಡೆಸೋಣ ಅಂತಾರೆ. ನೀನಾಗಿದ್ದರೆ ಏನು ಮಾಡ್ತಿದ್ದೆ ಅಂತ ಕೇಳಿದ್ದೀಯ. ಉತ್ತರ ಬರೆಯಲು ಹೋಗಿ ಮೂರು ಸಲ ಅಳಿಸಿದೆ. ನನಗೆ ಗೊತ್ತಿಲ್ಲ ದೋಸ್ತ. ಇಬ್ಬರೂ ಓದಿದವರು, ಇಬ್ಬರೂ ಅವ್ವನ ಒಳ್ಳೆಯದಕ್ಕೇ ಹೇಳುವವರು. ಅವರಿಗೇ ಒಂದು ಮಾತು ಕೂಡದಿದ್ದಾಗ ದ್ರಾಕ್ಷಿ ಬೆಳೆಯುವವನು ನಾನೇನು ಹೇಳಲಿ?

ಆದರೆ ಎರಡು ವರ್ಷದ ಹಿಂದಿನ ನನ್ನ ಕಥೆ ನಿನಗೆ ಪೂರ್ತಿ ಹೇಳಿಲ್ಲ. ಅದನ್ನು ಹೇಳಬೇಕು ಅನಿಸಿತು.

ಆ ವರ್ಷ ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದು ಹೂ ಬಿಡುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ಡೌನಿ ಅನ್ನೋ ಬೂಜುರೋಗ ಬಂತು. ಎಲೆಯ ಮೇಲೆ ಎಣ್ಣೆ ಸಿಡಿದಂಥ ಕಲೆ, ತಿರುಗಿಸಿದರೆ ಬಿಳಿ ಬೂಜು. ಹೂವಿಗೆ ಹೊಕ್ಕಿತು ಅಂದರೆ ಗೊಂಚಲೇ ಒಣಗಿ ಉದುರುತ್ತದೆ. ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಮೊದಲೇ ಹೊಡೆದಿದ್ದೆ. ಆಮೇಲೆ ದುಬಾರಿ ಔಷಧಿಗಳನ್ನೂ ಹೊಡೆದೆ. ಬೆಳಿಗ್ಗೆ ಹೊಡೆದರೆ ಮಧ್ಯಾಹ್ನದ ಮಳೆ ತೊಳೆದುಕೊಂಡು ಹೋಗುತ್ತಿತ್ತು. ನಾಲ್ಕು ಎಕರೆಯಲ್ಲಿ ಮನೂಕ (ಒಣದ್ರಾಕ್ಷಿ) ಮಾಡಲು ಒಂದು ಶೆಡ್ ತುಂಬುವಷ್ಟೂ ಹಣ್ಣು ಸಿಗಲಿಲ್ಲ.

ಪಡ, ಅಂದರೆ ದ್ರಾಕ್ಷಿ ತೋಟ, ಕಿತ್ತು ಹಾಕಬೇಕಾ, ಇನ್ನೊಂದು ವರ್ಷ ಇಡಬೇಕಾ? ಒಂದು ನೋಟ್‌ಬುಕ್ ತುಂಬ ಲೆಕ್ಕ ಬರೆದೆ. ಸಾಲ, ಬಡ್ಡಿ, ಕೂಲಿ, ಔಷಧಿ. ಒಂದು ದಿನ ಲೆಕ್ಕ ಕೀಳು ಅಂದರೆ ಮರುದಿನ ಇಡು ಅನ್ನುತ್ತಿತ್ತು. ಕೃಷಿ ಪದವಿ ಓದಿದವನು, ಯಾರನ್ನು ಕೇಳಲಿ ಅನ್ನೋ ಬಿಗುಮಾನ ಬೇರೆ. ಹದಿನೈದು ದಿನ ನಿದ್ದೆ ಇಲ್ಲ.

ಒಂದು ರಾತ್ರಿ ಅಪ್ಪ ಎದ್ದು ಬಂದು ನೋಟ್‌ಬುಕ್ ಮುಚ್ಚಿದ. "ನಿನಗ ಗೊತ್ತಿದ್ದದ್ದೆಲ್ಲಾ ಮಾಡಿದಿ. ಇನ್ನ ಗೊತ್ತಿಲ್ಲಂತ ಒಪ್ಪಕೋ. ಸಂಗಮಕ್ಕ ಹೋಗಿ ಬಾ" ಅಂದ.

ಮರುದಿನ ನಿಡಗುಂದಿ ದಾಟಿ ಕೂಡಲಸಂಗಮಕ್ಕೆ ಹೋದೆ. ನಾವಿಬ್ಬರೂ ಕಾಲೇಜಿನಲ್ಲಿದ್ದಾಗ ಹೋಗಿದ್ದೆವು, ನೆನಪಿದೆ ಅಲ್ವಾ? ಮಲಪ್ರಭೆ ಬಂದು ಕೃಷ್ಣೆಗೆ ಸೇರುವ ಜಾಗ. ನಾರಾಯಣಪುರ ಆಣೆಕಟ್ಟಿನ ಹಿನ್ನೀರು ನುಗ್ಗದಂತೆ ಬಸವಣ್ಣನ ಐಕ್ಯಸ್ಥಳದ ಸುತ್ತ ಗೋಡೆ ಎತ್ತಿದ್ದಾರೆ. ಬಾವಿಗೆ ಇಳಿದ ಹಾಗೆ ಮೆಟ್ಟಿಲು ಇಳಿಯಬೇಕು. ಇಳಿಯುತ್ತ ಆ ಗೋಡೆ ಮುಟ್ಟಿ ನೋಡಿದೆ. ಲೆಕ್ಕ ಗೊತ್ತಿದ್ದವರು ಕಟ್ಟಿದ ಗೋಡೆ ಅದು. ಅದಿಲ್ಲದಿದ್ದರೆ ನಮಗೆ ಇಳಿಯಲು ದಾರಿಯೇ ಇರುತ್ತಿರಲಿಲ್ಲ. ಆದರೆ ಕೆಳಗೆ ಹೋದ ಮೇಲೆ ಲೆಕ್ಕದ ಕೆಲಸ ಮುಗಿಯಿತು. ಅಲ್ಲಿ ತಲೆ ಬಾಗಿಸುವುದೊಂದೇ ಕೆಲಸ.

ಬಸವಣ್ಣ ಬಿಜ್ಜಳನ ಭಂಡಾರ ನೋಡಿಕೊಂಡವನು. ರಾಜ್ಯದ ಲೆಕ್ಕ ಬಲ್ಲವನು. ಅಂಥವನು ತನ್ನ ವಚನದ ಕೊನೆಯಲ್ಲಿ ಕೂಡಲಸಂಗಮದೇವಾ ಅಂತ ಅಲ್ಲಿಯ ದೇವರು ಸಂಗಮನಾಥನ ಹೆಸರೇ ಇಟ್ಟ. ತಾನು ಕಂಡದ್ದನ್ನೆಲ್ಲ ಅವನ ಮುಂದೆ ಇಟ್ಟು ಕೈಮುಗಿದ ಹಾಗೆ. ಸಣ್ಣವನಿದ್ದಾಗಿಂದ ಬಾಯಿಪಾಠ ಮಾಡಿದ್ದೇನೆ. ಅದರ ಅರ್ಥ ಅವತ್ತು ಆ ಮೆಟ್ಟಿಲ ಮೇಲೆ ತಿಳಿಯಿತು.

"ನನಗೆ ಗೊತ್ತಾಗ್ತಿಲ್ಲ, ನೀನೇ ದಾರಿ ತೋರಿಸು" ಅಂದೆ. ಅಷ್ಟೇ. ಗಂಟೆ ಮೊಳಗಲಿಲ್ಲ, ಹೂ ಬೀಳಲಿಲ್ಲ. ಆದರೆ ಎದೆ ಹಗುರಾಯಿತು. ತುಂಬ ಹೊತ್ತು ಅತ್ತೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಪಕ್ಕದ ಹೊಲದ ಮುದುಕಪ್ಪನ ನೆನಪಾಯಿತು. ಮೂವತ್ತು ವರ್ಷ ದ್ರಾಕ್ಷಿ ಬೆಳೆದವರು. ಸಾಲಿ ಕಲಿತವರಲ್ಲ, ಅದಕ್ಕೇ ನಾನು ಒಂದು ದಿನವೂ ಕೇಳಿರಲಿಲ್ಲ. ಮರುದಿನ ಹೋಗಿ ಕೇಳಿದೆ. ಮುಂಜಾನೆ ಆರಕ್ಕೆ ಪಡದೊಳಗೆ ಬಂದರು. ಏನೂ ಮಾತಾಡದೆ ಎಲೆ ಮುಟ್ಟುತ್ತ ಒಂದು ಸುತ್ತು ಹಾಕಿದರು. ಹಳ್ಳದ ಕಡೆಯ ಎರಡು ಎಕರೆಯಲ್ಲಿ ಒಂಬತ್ತಾದರೂ ಎಲೆ ಹಸಿ ಇತ್ತು. ಮೇಲಿನ ಎರಡು ಎಕರೆಯಲ್ಲಿ ಗಾಳಿ ಆಡಿ ಆಗಲೇ ಒಣಗಿತ್ತು. ಎಲೆ ಹಸಿಯಿದ್ದಷ್ಟು ಹೊತ್ತು ಡೌನಿಗೆ ಹಬ್ಬ. ನಾನು ಓದಿದ್ದೂ ಅದೇ. ಆದರೆ ನೋಟ್‌ಬುಕ್ಕಿನಲ್ಲಿ ನಾಲ್ಕೂ ಎಕರೆಗೆ ಒಂದೇ ಲೆಕ್ಕ ಬರೆದಿದ್ದೆ. ಕೆಳಗಿನದು ಕಿತ್ತೆ, ಮೇಲಿನದು ಇಟ್ಟೆ.

ಸಾಲ ಇನ್ನೂ ಇದೆ. ಎಲ್ಲ ಸರಿಹೋಯಿತು ಅಂತ ನಾನು ಬರೆಯುತ್ತಿಲ್ಲ. ಆದರೆ ಆ ಮುದುಕಪ್ಪನ ಬಾಗಿಲಿಗೆ ನನ್ನನ್ನು ಕಳಿಸಿದವನು ಸಂಗಮನಾಥನೇ. ಇದು ನನ್ನ ನಂಬಿಕೆ, ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ.

ಇಲ್ಲಿ ವಿಜಯಪುರದಲ್ಲಿ ಸಿದ್ಧೇಶ್ವರ ಶ್ರೀಗಳ ಪ್ರವಚನಕ್ಕೆ ನಸುಕಿನಲ್ಲಿ ಓಡುತ್ತಿದ್ದೆವಲ್ಲ, ಅವರೂ ನೆನಪಾಗುತ್ತಾರೆ. ಅಷ್ಟು ಓದಿದ ಜೀವ, ಅಂಗಿಗೆ ಒಂದು ಕಿಸೆ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಕೊಟ್ಟರೂ ಬೇಡ ಅಂದರು. ತಿಳಿದವರು ಇಷ್ಟು ಬಾಗುವಾಗ ನಾನೆಷ್ಟರವನು ಅನಿಸುತ್ತದೆ.

ಔಷಧಿ ಬಿಟ್ಟು ಹರಕೆ ಹೊರು ಅಂತ ನಾನು ಹೇಳುತ್ತಿಲ್ಲ. ಡಾಕ್ಟರ ಕೈಯಲ್ಲಿರುವ ವಿದ್ಯೆಯೂ ದೇವರು ಕೊಟ್ಟಿದ್ದೇ. ಅವರು ಹೇಳಿದ್ದನ್ನು ಪೂರ್ತಿ ಕೇಳು, ಬೇಕಾದರೆ ಇಬ್ಬರೂ ಒಟ್ಟಿಗೆ ಕೂತು ಮಾತಾಡುವಂತೆ ವಿನಂತಿ ಮಾಡು. ಆದರೆ ರಾತ್ರಿಯೆಲ್ಲ ಮೊಬೈಲ್ ಹಿಡಿದು ಹುಡುಕುವುದನ್ನು ನಿಲ್ಲಿಸು. ದೇವರ ಮುಂದೆ ದೀಪ ಹಚ್ಚಿ ಸುಮ್ನೆ ಕೂತುಕೋ. ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳು. ನಿನ್ನಂಥ ಮಗನಿಗೆ ಇದು ಕಷ್ಟ, ನನಗೆ ಗೊತ್ತು.

ಇನ್ನೊಂದು ಮಾತು. ನಿನ್ನ ಮೆಸೇಜಿನಲ್ಲಿ ಡಾಕ್ಟರು ಹೇಳಿದ್ದಿದೆ, ಅಣ್ಣ ಹೇಳಿದ್ದಿದೆ, ನೀನು ಓದಿದ್ದಿದೆ. ಅವ್ವ ಏನಂದಳು ಅಂತ ಎಲ್ಲೂ ಇಲ್ಲ. ಕೇಳಿದ್ದೀಯಾ? ನಾಳೆ ಮುಂಜಾನೆ ಚಹಾ ಕೊಡುವಾಗ ಪಕ್ಕದಲ್ಲಿ ಕೂತು ಕೇಳು.

ಸೋಮವಾರ ನಾನು ಸಂಗಮಕ್ಕೆ ಹೋಗುತ್ತೇನೆ, ಅವ್ವನ ಹೆಸರಲ್ಲಿ. ಆಪರೇಷನ್ ಅಂತಾದರೆ ದಿನ ತಿಳಿಸು, ಹಿಂದಿನ ರಾತ್ರಿಯೇ ಬೆಳಗಾವಿಗೆ ಬರುತ್ತೇನೆ. ಬೇಡ ಅಂತಾದರೂ ಬರುತ್ತೇನೆ. ಅವ್ವಗೆ ನನ್ನ ಶರಣು ಹೇಳು.

ನಿನ್ನ ಗೆಳೆಯ