ಮಗಳಿಗೊಂದು ಪತ್ರ: ದಿಮಿತ್ಸಾನಾದಿಂದ

ಪ್ರೀತಿಯ ಪುಟ್ಟೀ,

ಫೋನಿನಲ್ಲಿ ಹೇಳಲು ಬಾಯಿ ಬರದ ಒಂದು ಮಾತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ಊರಿನ ಸುದ್ದಿ ಕೇಳು.

ದಿಮಿತ್ಸಾನಾ ಗ್ರೀಸ್‌ನ ಪೆಲೊಪೊನ್ನೀಸ್ ಭಾಗದ ಬೆಟ್ಟದ ಹಳ್ಳಿ. ಸುಮಾರು 950 ಮೀಟರ್ ಎತ್ತರ. ಅಥೆನ್ಸ್‌ನಿಂದ ಬರಲು ಮೂರು ಗಂಟೆ ಹಿಡಿಯಿತು. ಕಲ್ಲಿನ ಮನೆ, ಕಲ್ಲಿನ ಓಣಿ. ಸಂಜೆ ಚರ್ಚಿನ ಗಂಟೆ ಬಾರಿಸಿತು, ಎಲ್ಲೋ ಒಂದು ನಾಯಿ ಬೊಗಳಿತು, ಅಷ್ಟೇ. "ಊರಲ್ಲಿ ಜನ ಇದ್ದಾರಾ?" ಅಂತ ನಿಮ್ಮಮ್ಮ ಎರಡು ಸಲ ಕೇಳಿದಳು.

ನಿನ್ನೆ ಲೂಸಿಯೋಸ್ ನದಿಯ ಕಣಿವೆಗೆ ಇಳಿದೆವು. ಮಗು ಜ್ಯೂಸ್‌ಗೆ (ಕುಡಿಯೋದಲ್ಲ, ದೇವರು!) ಅಪ್ಸರೆಯರು ಸ್ನಾನ ಮಾಡಿಸಿದ್ದು ಇದೇ ನೀರಲ್ಲಂತೆ. ಮಕ್ಕಳನ್ನು ನುಂಗುವ ಅಪ್ಪನಿಂದ ಬಚ್ಚಿಟ್ಟು ಸಾಕಿದ್ದು. ನಮ್ಮ ಕೃಷ್ಣನ ಕತೆಯೇ, ಅಲ್ವಾ? ಇಲ್ಲಿ ಮಾವನ ಬದಲು ಅಪ್ಪನೇ ಕಂಸ.

ಅಲ್ಲೇ ಸ್ನಾನಿಕ ಯೋಹಾನನ ಹೆಸರಿನ ಪ್ರೊದ್ರೋಮೂ ಮಠವಿದೆ. ಕಡಿದಾದ ಬಂಡೆಗೆ ಅಂಟಿಕೊಂಡ ಕೋಣೆಗಳು, ಗಾಳಿಯಲ್ಲಿ ನೇತಾಡುವಂತಿರುವ ಮರದ ಪಡಸಾಲೆಗಳು. ನೋಡಿದರೇ ನನ್ನ ಕಾಲು ನಡುಗಿತು. ನಿನ್ನ ಮಾತು ಕೇಳಿ ಪ್ಯಾಂಟ್ ಹಾಕಿಕೊಂಡಿದ್ದ ಅಮ್ಮ, ಬಾಗಿಲ ಬಳಿ ಇಟ್ಟಿದ್ದ ಉದ್ದ ಲಂಗ ಸುತ್ತಿಕೊಂಡೇ ಒಳಗೆ ಹೋದಳು. ಸನ್ಯಾಸಿಯೊಬ್ಬರು ತಣ್ಣೀರು, ಜೊತೆಗೆ ಲುಕುಮಿ ಕೊಟ್ಟರು. ಸಕ್ಕರೆ ಪುಡಿ ಮೆತ್ತಿದ ಬಾಂಬೆ ಹಲ್ವಾ ಅಂದುಕೋ. ಅಮ್ಮ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡಳು. ಅವರು ನಕ್ಕು ಇನ್ನೊಂದು ಕೊಟ್ಟರು.

ಎದುರು ದಡದಲ್ಲಿ ಫಿಲೊಸೊಫೂ ಮಠ. ಹಳೆಯದು 963ರದು. ಬಂಡೆಯ ಬಣ್ಣವೇ ಅದಕ್ಕೂ, ಹತ್ತಿರ ಹೋಗುವವರೆಗೆ ಕಾಣುವುದಿಲ್ಲ. ತುರ್ಕರ ಕಾಲದಲ್ಲಿ ಇಲ್ಲಿ ಗುಟ್ಟಾಗಿ ಪಾಠ ನಡೆಯುತ್ತಿತ್ತು ಅಂತಾರೆ. ಇತಿಹಾಸಕಾರರು ಇದನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ನಾನೂ ಅರ್ಧ ಮಾತ್ರ ನಂಬಿದೆ.

ಈಗ ಆ ಮಾತು. ಈ ಪುಟ್ಟ ಊರಲ್ಲಿ 1764ರಲ್ಲೇ ಶಾಲೆ, ಲೈಬ್ರರಿ ಶುರುವಾಗಿದ್ದವು. 1821ರಲ್ಲಿ ಗ್ರೀಕರು ತುರ್ಕರ ವಿರುದ್ಧ ಎದ್ದಾಗ ಕೋವಿಯ ಮದ್ದಿನ ಪುಡಿ ತಯಾರಾಗಿದ್ದು ಇಲ್ಲಿನ ಗಿರಣಿಗಳಲ್ಲಿ. ಪೆಟ್ಲುಪ್ಪು, ಗಂಧಕ, ಇದ್ದಿಲು. ನೀರಿನ ಬಲದಿಂದ ಒನಕೆಗಳು ಏರಿ ಇಳಿದು ಕುಟ್ಟುವುದನ್ನು ಇಲ್ಲಿನ ಮ್ಯೂಸಿಯಂನಲ್ಲಿ ಈಗಲೂ ತೋರಿಸುತ್ತಾರೆ. ಮದ್ದೇನೋ ಆಯಿತು, ತೋಟಾ ಸುತ್ತಲು ಕಾಗದ ಬೇಕಲ್ಲ? ಲೈಬ್ರರಿಯ ಪುಸ್ತಕಗಳನ್ನೇ ಹರಿದರು. ಎಷ್ಟೋ ಪುಸ್ತಕ ಹಾಗೇ ಹೋದವು.

ಅದನ್ನು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಮನೆ ಬದಲಿಸುವಾಗ ನಿನ್ನ ಪುಸ್ತಕದ ಎರಡು ಪೆಟ್ಟಿಗೆ ಕಾಣೆಯಾದವು ಅಂದಿದ್ದೆನಲ್ಲ? ಸುಳ್ಳು. ನಾನೇ ರದ್ದಿಯವನಿಗೆ ಕೊಟ್ಟೆ, ಕಿಲೋಗೆ 12 ರೂಪಾಯಿ. ನೀನು ಲಾರಿಯವನಿಗೆ ಬೈಯುತ್ತಿದ್ದಾಗಲೂ ಸುಮ್ನೆ ನಿಂತಿದ್ದೆ. ಇಲ್ಲಿಯವರಿಗಾದರೂ ಯುದ್ಧವಿತ್ತು. ನನಗೆ ಅಟ್ಟದಲ್ಲಿ ಜಾಗ ಬೇಕಿತ್ತು, ಅಷ್ಟೇ.

ರಾತ್ರಿ ಅಮ್ಮನಿಗೆ ಹೇಳಿದೆ. ಅವಳಿಗೆ ಆಗಲೇ ಗೊತ್ತಿತ್ತಂತೆ! ಮೂರನೇ ಪೆಟ್ಟಿಗೆಯೂ ಇತ್ತು, ನನ್ನ ಕೈಗೆ ಸಿಗದ ಹಾಗೆ ತನ್ನ ಮಂಚದ ಕೆಳಗೆ, ಹಳೇ ಕಂಬಳಿಯ ಹಿಂದೆ ತಳ್ಳಿದ್ದಾಳಂತೆ. ಅದರಲ್ಲಿ ಏನಿದೆ ಅಂತ ಅವಳೂ ನೋಡಿಲ್ಲ. ದೀಪಾವಳಿಗೆ ಬಂದಾಗ ನೀನೇ ಬಿಚ್ಚು.

ನಿನ್ನ
ಅಪ್ಪ