ಈ ಸಲ ನೀನು ಹೇಳು

ಡೊಂಬಿವಲಿ
ಭಾನುವಾರ ಮಧ್ಯಾಹ್ನ

ಮಗಳೇ,

ಇದನ್ನು ನಿನ್ನ ಆಫೀಸಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಮನೆಗೆ ಬಂದ ಟಪಾಲು ಮೊದಲು ಯಾರ ಕೈಗೆ ಹೋಗುತ್ತದೆಂದು ನೀನೇ ಹೇಳಿದ್ದೆ, ರಾತ್ರಿ ನಿನ್ನ ಗಂಡ ನಿನ್ನ ವಾಟ್ಸಾಪ್ ತೆಗೆದು ನೋಡುತ್ತಾನೆ ಅಂತಲೂ. ಓದಿ ಅಲ್ಲೇ ಡ್ರಾವರಿನಲ್ಲಿ ಇಡು.

ಮೊದಲು ನನ್ನ ತಪ್ಪು ಬರೆಯುತ್ತೇನೆ. ಎರಡು ವರ್ಷದ ಹಿಂದೆ ದೀಪಾವಳಿಗೆ ಬಂದಾಗ, ನೀರೆರೆಯುವ ಮುಂಚೆ ನಿನ್ನ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದೆ. ಭುಜದ ಕೆಳಗೆ ನೀಲಿಗಟ್ಟಿದ್ದು ಕಂಡಿತು. ಕೇಳಿದೆ, ನೀನು ಮುಚ್ಚಿಡದೆ ಹೇಳಿದೆ. ಅದಕ್ಕೆ ನಾನು ಅಂದದ್ದೇನು? ‘ಗಂಡಸರಿಗೆ ಸಿಟ್ಟು ಬರ್ತದವ್ವಾ, ಸ್ವಲ್ಪ ಹೊಂದ್ಕೊಂಡು ಹೋಗು.’ ಮೂರನೆಯ ದಿನ ಕೈಗೆ ಕರದಂಟಿನ ಡಬ್ಬಿ ಕೊಟ್ಟು ಕಲ್ಯಾಣದಲ್ಲಿ ಪುಣೆಯ ಗಾಡಿ ಹತ್ತಿಸಿದೆ. ಮೂವತ್ತು ವರ್ಷ ಮುನಸಿಪಾಲಿಟಿಯ ಕನ್ನಡ ಶಾಲೆಯಲ್ಲಿ, ಮಕ್ಕಳ ಮೈಮೇಲೆ ಬಾಸುಂಡೆ ಕಂಡರೆ ಅಪ್ಪಂದಿರನ್ನು ಕರೆಸಿ ಬೈದವಳು ನಾನು. ಸ್ವಂತ ಮಗಳ ಬೆನ್ನು ನೋಡಿ ಕರದಂಟು ಕಟ್ಟಿಕೊಟ್ಟೆ.

ಹೋದ ತಿಂಗಳು ನೀನು ಫೋನ್ ಮಾಡಿ, ಏನೂ ಹೇಳದೆ ಅತ್ತು ಇಟ್ಟುಬಿಟ್ಟೆಯಲ್ಲ, ಮರುದಿನವೇ ಒಂದು ಪೊಲೀಸ್ ಠಾಣೆಗೆ ವಿಚಾರಿಸಲು ಹೋದೆ. ‘ಘರಗುತಿ ಬಾಬ್ ಆಹೇ ಬಾಯಿ, ಸಮಜೂನ್ ಘ್ಯಾ’ ಅಂದರು. ಮನೆಯೊಳಗಿನ ವಿಷಯ, ಅರ್ಥ ಮಾಡಿಕೊಳ್ಳಿ ಅಂತ. ನಾನು ದೀಪಾವಳಿಯಲ್ಲಿ ಹೇಳಿದ ಮಾತೇ, ಮರಾಠಿಯಲ್ಲಿ. ನನ್ನ ಬಾಯಿಂದ ಹೊರಟಾಗ ಹೇಗೆ ಕೇಳಿಸಿರಬೇಕು ಎಂದು ಅಲ್ಲಿ ಗೊತ್ತಾಯಿತು. ಅಸಲಿಗೆ ಇಂಥ ದೂರು ಬಂದರೆ ಹೆಂಗಸಿಗೆ ಏನೇನು ಹಕ್ಕಿದೆ ಎಂದು ತಿಳಿಸುವುದು ಪೊಲೀಸರ ಕರ್ತವ್ಯವಂತೆ, ಕಾಯ್ದೆಯಲ್ಲೇ ಬರೆದಿದೆ. ಇದನ್ನು ಹೇಳಿದವಳು ಕಾನೂನು ಸೇವಾ ಸಮಿತಿಯ ವಕೀಲೆ, ನಿನಗಿಂತ ಚಿಕ್ಕವಳು. ಹೆಂಗಸರಿಗೆ ಅಲ್ಲಿ ವಕೀಲರು ಉಚಿತ, ಸಂಬಳ ಎಷ್ಟೆಂದು ಕೇಳುವುದಿಲ್ಲ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ನಿನ್ನ ಮನಸ್ಸಿನಲ್ಲಿ ಇರುವುದು ನನಗೆ ಗೊತ್ತು. ಕೋರ್ಟು ಅಂದರೆ ಡೈವೋರ್ಸು ಎಂದುಕೊಂಡಿದ್ದೀಯ. ನಾನೂ ಹಾಗೇ ತಿಳಿದಿದ್ದೆ. ಅಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡುವುದು ‘ಇವನು ನನ್ನನ್ನು ಹಿಂಸಿಸದ ಹಾಗೆ ತಡೆಯಿರಿ’ ಎಂದು. ಮದುವೆ ಇರಬೇಕೋ ಬೇಡವೋ ಎನ್ನುವುದು ಬೇರೆ ಮಾತು, ಅದನ್ನು ನೀನು ಯಾವಾಗಲಾದರೂ ಯೋಚಿಸು. ಹೊಡೆಯಬಾರದು, ನಿನ್ನ ಆಫೀಸಿಗೋ ಕೂಸಿನ ಶಾಲೆಗೋ ಬರಬಾರದು, ಫೋನಿನಲ್ಲೂ ಕಾಡಬಾರದು, ನಿನ್ನ ಒಡವೆ ಇರುವ ಲಾಕರಿಗೆ ಕೈ ಹಾಕಬಾರದು ಎಂದೆಲ್ಲ ಆ ಆದೇಶದಲ್ಲಿ ಕೇಳಬಹುದು. ಆದೇಶ ಮೀರಿದರೆ ಆಗ ಅದು ಅಪರಾಧ: 1 ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು. ಆಗ ಯಾವ ಠಾಣೆಯವರೂ ‘ಘರಗುತಿ’ ಅನ್ನುವ ಹಾಗಿಲ್ಲ.

‘ಅವ್ವಾ, ಫ್ಲಾಟ್ ಅತ್ತೆಯ ಹೆಸರಿನಲ್ಲಿದೆ, ನನ್ನದೇನಿದೆ ಇಲ್ಲಿ’ ಅಂದಿದ್ದೆ. ಇದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಸೊಸೆಯಾಗಿ ನೀನು ಸಂಸಾರ ಮಾಡಿದ ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಅಲ್ಲಿ ಇರುವ ಹಕ್ಕು ಕೇಳಬಹುದು ಎಂದು 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅವನನ್ನೇ ಹೊರಗಿರು ಎಂದು ಕೋರ್ಟು ಹೇಳಬಹುದು. ಅತ್ತೆಯನ್ನು ಹೊರಗೆ ಹಾಕಲು ಬರುವುದಿಲ್ಲ, ಹೆಂಗಸರ ಮೇಲೆ ಅಂಥ ಆದೇಶ ಇಲ್ಲ. ಆದರೆ ನಿನ್ನನ್ನು ಕಾಡಬೇಡಿ ಎಂದು ಅವರಿಗೂ ಹೇಳಬಹುದು. ಆ ಮನೆಯಲ್ಲಿ ನಿನಗೆ ಉಸಿರು ಕಟ್ಟುತ್ತದೆ ಅನ್ನುವುದಾದರೆ ಬೇರೆ ಮನೆಯ ಬಾಡಿಗೆ ಕೇಳು. ಹಾಗೆಯೇ ಪ್ರತಿ ತಿಂಗಳು ನಿನ್ನ ಸಂಬಳ ಕಸಿದುಕೊಂಡು ರಿಕ್ಷಾಕ್ಕೆ ಎಣಿಸಿ ಕೊಡುತ್ತಾನಲ್ಲ, ಅದಕ್ಕೂ ಕಾಯ್ದೆಯಲ್ಲಿ ಹೆಸರಿದೆ: ಆರ್ಥಿಕ ದೌರ್ಜನ್ಯ. ‘ಹೊಡೆತವೇನೂ ದಿನಾ ಇಲ್ಲ’ ಎಂದು ನೀನು ಅವನ ಪರ ವಕಾಲತ್ತು ಮಾಡಬೇಡ.

ಈಗ ಟೀಚರ್ ಆಗಿ ಒಂದು ಹೋಂವರ್ಕ್. ಆಫೀಸಿನಲ್ಲಿ ಕೂತು ಬರೆ. ಏನು ನಡೆಯಿತು, ಎಲ್ಲಿ, ಯಾವಾಗ, ಯಾರು ನೋಡಿದರು. ‘ಯಾವಾಗಲೂ ಹೊಡೆಯುತ್ತಾನೆ’ ಎಂದು ಬರೆದರೆ ಅರ್ಧ ಮಾರ್ಕು ಕೂಡ ಇಲ್ಲ. ತಾರೀಖು ನೆನಪಿಲ್ಲದಿದ್ದರೂ ಹೆಂಗಸರಿಗೆ ಹಬ್ಬ ನೆನಪಿರುತ್ತದೆ: ಪಂಚಮಿಯ ಹಿಂದಿನ ರಾತ್ರಿ, ಕೂಸಿನ ಹುಟ್ಟುಹಬ್ಬದ ಮರುದಿನ, ಹಾಗೆ ಬರೆ. ದೀಪಾವಳಿಯ ಬೆನ್ನಿಗೆ ಸಾಕ್ಷಿ ನಾನು. ನಿನ್ನ ಅವ್ವ ಅಂದದ್ದನ್ನೂ ಸೇರಿಸಿ ಬರೆ, ನನಗೆ ನಾಚಿಕೆಯಿಲ್ಲ. ಡಾಕ್ಟರ ಚೀಟಿ, ಫೋಟೋ, ಅವನ ಮೆಸೇಜುಗಳನ್ನು ಅವನಿಗೆ ಗೊತ್ತಿಲ್ಲದ ಈಮೇಲಿಗೆ ಕಳಿಸಿಕೊ. ಆಧಾರ್, ಮದುವೆ ಸರ್ಟಿಫಿಕೇಟು, ಕೂಸಿನ ಜನನ ಪ್ರಮಾಣಪತ್ರದ ನಕಲು ಆಫೀಸಿನಲ್ಲಿರಲಿ. ಸರ್ಕಾರ ನೇಮಿಸಿದ ರಕ್ಷಣಾಧಿಕಾರಿ ಇರುತ್ತಾರೆ, ಇಲ್ಲಿಯವರು ಸಂರಕ್ಷಣ ಅಧಿಕಾರಿ ಅನ್ನುತ್ತಾರೆ. ನೀನು ಬರೆದದ್ದನ್ನು ನೋಡಿ ವರದಿ ತುಂಬುವುದು, ಅರ್ಜಿಗೆ ನೆರವಾಗುವುದು ಅವರ ಕೆಲಸ.

ಕೋರ್ಟು ಪುಣೆಯದೇ ಆಗಬೇಕೆಂದಿಲ್ಲ. ನೀನು ತಾತ್ಕಾಲಿಕವಾಗಿ ಉಳಿದ ಊರಿನಲ್ಲೂ ಅರ್ಜಿ ನಡೆಯುತ್ತದೆ, ಅಂದರೆ ನನ್ನ ಹತ್ತಿರ ಬಂದರೆ ಕಲ್ಯಾಣದಲ್ಲೇ ಹಾಕಬಹುದು. ಅರ್ಜಿ ಕೊಟ್ಟ 3 ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದಲ್ಲಿ ತೀರ್ಮಾನಕ್ಕೆ ಯತ್ನ ಎಂದು ಕಾಯ್ದೆ ಹೇಳುತ್ತದೆ. ಆದರೆ ಕೋರ್ಟಿನ ವರಾಂಡದಲ್ಲಿ ನನ್ನ ಪಕ್ಕ ಕೂತಿದ್ದವಳು ಎರಡು ವರ್ಷದಿಂದ ಬರುತ್ತಿದ್ದೇನೆ ಅಂದಳು, ಮಡಿಲಲ್ಲಿ ಟಿಫಿನ್ ಡಬ್ಬಿ ಇತ್ತು. ಸುಳ್ಳು ಆಸೆ ತೋರಿಸಿ ನಿನ್ನನ್ನು ಕರೆಯಲಾರೆ. ಅದಕ್ಕೇ ಅರ್ಜಿಯ ಜೊತೆಗೇ ಮಧ್ಯಂತರ ಆದೇಶ, ಅಂದರೆ ತೀರ್ಮಾನ ಆಗುವವರೆಗಿನ ಆದೇಶ, ಕೇಳಬೇಕು. ಅಪಾಯ ಇದೆ ಎಂದು ಅಫಿಡವಿಟ್ ಕೊಟ್ಟರೆ ಅವನ ಮಾತು ಕೇಳುವ ಮೊದಲೇ ಕೊಡಬಹುದು. ಕೂಸು ಸದ್ಯಕ್ಕೆ ನಿನ್ನ ಹತ್ತಿರವೇ ಇರಲಿ ಎಂದೂ ಅದೇ ಅರ್ಜಿಯಲ್ಲಿ ಕೇಳು. ನೋಟೀಸು ಅವನ ಕೈ ಸೇರುವ ದಿನ ಮಾತ್ರ ನೀವಿಬ್ಬರೂ ಆ ಮನೆಯಲ್ಲಿ ಇರಬಾರದು. ಇದೊಂದರಲ್ಲಿ ನನ್ನ ಹಟ.

ವಕೀಲೆ ಇನ್ನೊಂದು ಹೇಳಿದಳು. ನಿನ್ನ ಪರವಾಗಿ ಬೇರೆ ಯಾರಾದರೂ ಅರ್ಜಿ ಕೊಡಬಹುದಂತೆ, ತಾಯಿಯೂ ಕೊಡಬಹುದು. ಫಾರಂ ತಂದು ಪೂಜೆಮನೆಯ ಕಪಾಟಿನಲ್ಲಿ ಇಟ್ಟಿದ್ದೇನೆ. ತುಂಬಿಲ್ಲ. ದೀಪಾವಳಿಯಲ್ಲಿ ನಿನ್ನ ಪರವಾಗಿ ನಾನೇ ತೀರ್ಮಾನ ಮಾಡಿ ನೋಡಿಯಾಯಿತು. ಈ ಸಲ ನೀನು ಹ್ಞೂಂ ಅನ್ನುವವರೆಗೆ ಪೆನ್ನು ಮುಟ್ಟುವುದಿಲ್ಲ.

ಮೈಗೆ ಅಪಾಯ ಅನ್ನಿಸಿದ ಗಳಿಗೆಯಲ್ಲಿ ನನಗಲ್ಲ, 112ಕ್ಕೆ ಒತ್ತು. ಉಳಿದಂತೆ, ಮನಸ್ಸು ಗಟ್ಟಿಯಾದ ದಿನ ಅವನ ಎದುರಿಗೇ ಫೋನ್ ಮಾಡಿ, ‘ಅವ್ವಾ, ಗುರೆಳ್ಳು ಚಟ್ನಿ ಮುಗೀತು’ ಅನ್ನು. ನಾನು ಮುಂದಿನ ಗಾಡಿಗೆ ಹೊರಡುತ್ತೇನೆ. ಕೂಸಿನ ಶಾಲೆಯ ಗೇಟಿನ ಹತ್ತಿರ ನಿಂತಿರುತ್ತೇನೆ, ನೀನು ಚೀಲ ಕಟ್ಟಿಕೊಂಡು ಬರಬೇಕಾಗಿಲ್ಲ.

ನಿನ್ನ ಅವ್ವ