ಪುಟ್ಟಿಯ ಜಾಕೆಟ್ಟು, ನಿನ್ನ ಒಗ್ಗರಣೆ

ಮಗಳೇ,

ಊರಿನ ಸುದ್ದಿಯೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿಯೇ ಇರುತ್ತಾನೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದಲ್ಲಿ ಒಂದು ಸಾಲಿತ್ತು. ಪುಟ್ಟಿಯ ಜಾಕೆಟ್ ವಾಸನೆ ಬರುತ್ತೆ ಅಂತ ಕ್ಲಾಸಿನಲ್ಲಿ ಯಾರೋ ಅಂದರಂತೆ, ಅವತ್ತಿನಿಂದ ನಾನು ಒಗ್ಗರಣೆಯನ್ನೇ ಹಾಕಿಲ್ಲ ಅಂತ. ಅಷ್ಟು ಬರೆದು ಹಿಮ ಬಿತ್ತು, ರೈಲು ತಡವಾಯ್ತು ಅಂತ ಬೇರೆ ಕಡೆ ಹೋಗಿಬಿಟ್ಟೆ. ಕೊನೆಗೆ ಮಾತ್ರ ಮತ್ತೆ ಕೇಳಿದ್ದೀಯ, ದೊಡ್ಡಪ್ಪಾ, ಇವಳು ದೊಡ್ಡವಳಾದ ಮೇಲೆ ನಮ್ಮನ್ನು ಕಂಡು ನಾಚಿಕೊಂಡರೆ ಏನು ಮಾಡಲಿ ಅಂತ. ಅದನ್ನು ಓದಿದ ಮೇಲೆ ಊಟ ಸೇರಲಿಲ್ಲ. ನಿನ್ನ ದೊಡ್ಡವ್ವ, "ಫ್ಯಾನ್ ಹಾಕಿಕೊ ಅಂತ ಬರೀರಿ, ಇಷ್ಟುದ್ದ ಯಾಕೆ" ಅಂದಳು. ಅವಳಿಗೆ ಎಲ್ಲವೂ ಹಾಗೇ, ಸಲೀಸು.

ಒಗ್ಗರಣೆ ಇಲ್ಲದ ಬೇಳೆ ತಿನ್ನುತ್ತಿದ್ದೀಯಾ? ಎಷ್ಟು ದಿನದಿಂದ? ಅದನ್ನು ಬರೆದಿಲ್ಲ ನೀನು.

ನನ್ನ ಮೆಣಸಿನಕಾಯಿ ದಲಾಲಿ ಅಂಗಡಿಯ ಅಂಗಿಗಳು ನಿನಗೆ ನೆನಪಿರಬೇಕು. ನೀನೇ ಚಿಕ್ಕವಳಿದ್ದಾಗ ನನ್ನ ತೊಡೆ ಮೇಲೆ ಕೂತು ಸೀನುತ್ತಿದ್ದೆ. ಸುಗ್ಗಿಯಲ್ಲಿ ಬ್ಯಾಡಗಿಯ ಮಾರ್ಕೆಟ್ಟು ಹೇಗಿರುತ್ತೆ ಅಂತ ನೋಡಿದವರಿಗೇ ಗೊತ್ತು, ಸೋಮವಾರ ಗುರುವಾರ ಬಂತೆಂದರೆ ಎತ್ತ ನೋಡಿದರೂ ಕೆಂಪು ಚೀಲ, ಹೊಸಬರು ಬಂದರೆ ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸಿಕೊಂಡು ಹೊರಗೆ ಓಡುತ್ತಾರೆ, ನಮಗೆ ಮಾತ್ರ ಏನೂ ಅನ್ನಿಸುವುದಿಲ್ಲ. ಆ ಘಾಟು ಬಟ್ಟೆಗೆ ಹತ್ತಿದರೆ ಒಗೆದರೂ ಹೋಗದು. ನಿಮ್ಮಣ್ಣ ಏಳನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಗೋಡೆ ಕಡೆ ಮುಖ ಮಾಡಿ ಮಲಗಿಕೊಂಡೇ ಹೇಳಿದ, "ಅಪ್ಪಾ, ನೀನು ಸಾಲಿಗೆ ಬರಬೇಡ. ನೀನು ಹೋದ ಮೇಲೆ ಹುಡುಗರು ಸೀನಿದ ಹಾಗೆ ಮಾಡ್ತಾರೆ."

ನಾನು ಬೈಯಲಿಲ್ಲ. ಹೋಗುವುದನ್ನು ಬಿಟ್ಟೆ. ಆಮೇಲೆ ಎಲ್ಲದಕ್ಕೂ ನಿನ್ನ ದೊಡ್ಡವ್ವನನ್ನೇ ಕಳಿಸಿದೆ. ಅವನಿಗೆ ಭಾಷಣದಲ್ಲಿ ಬಹುಮಾನ ಬಂದ ದಿನ, ಮಾರ್ಕೆಟ್ ದಿನ, ಬರೋಕಾಗಲ್ಲ ಅಂದೆ. ಅವತ್ತು ಮಂಗಳವಾರ. ಅವನಿಗೂ ವಾರದ ಲೆಕ್ಕ ಗೊತ್ತಿತ್ತು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಹುಡುಗ ಒಂದು ಮಾತು ಅಂದಿದ್ದ, ಅಷ್ಟೇ. ಅದು ನಿಜ ಅಂತ ನಡೆದು ತೋರಿಸಿದವನು ನಾನು. ಆಗ ಮಗನ ಮರ್ಯಾದೆ ಕಾಪಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ. ನೀನೂ ಪುಟ್ಟಿಗೋಸ್ಕರ ಅಂತಲೇ ಒಗ್ಗರಣೆ ಸೌಟು ಒಳಗಿಟ್ಟಿದ್ದೀಯ, ಅಲ್ವಾ? ಅವಳು ದಿನಾ ಅಡುಗೆಮನೆ ನೋಡುತ್ತಿರುತ್ತಾಳೆ. ಆ ಸೌಟು ಎಲ್ಲಿ ಹೋಯಿತು, ಯಾವತ್ತಿನಿಂದ ಹೋಯಿತು ಅಂತ ಅವಳಿಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೀಯಾ?

ನಾಚಿಕೆ ಬರುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಬರಬಹುದು. ಆ ವಯಸ್ಸಿನಲ್ಲಿ ಅಪ್ಪನ ನಡಿಗೆಗೂ ನಾಚುತ್ತಾರೆ, ಅವ್ವ ಜೋರಾಗಿ ನಕ್ಕರೂ ನಾಚುತ್ತಾರೆ.

ಅಡುಗೆಯ ವಿಷಯದಲ್ಲಿ ನಾನು ಬುದ್ಧಿ ಹೇಳುವುದು ಸ್ವಲ್ಪ ನಗೆಪಾಟಲೇ. ಮೆಣಸಿನಕಾಯಿ ಮುರಿದು ನೋಡಿ ದರ ಹೇಳಬಲ್ಲೆ, ಹುರಿಯಲು ಬಾರದು. ಆದರೂ ಕೇಳು. ಕೆಮ್ಮು ಬರಿಸುವುದು ಸಾಸಿವೆಯಲ್ಲ, ಸುಡುವ ಖಾರದ ಪುಡಿ. ಕಾದ ಎಣ್ಣೆಗೆ ಪುಡಿ ಸುರಿದರೆ ಕ್ಷಣದಲ್ಲಿ ಸೀದು ಮನೆಯೆಲ್ಲ ಘಾಟು. ಸಾಸಿವೆ ಸಿಡಿದು ನಿಲ್ಲುತ್ತಾ ಬಂದ ಹಾಗೆ ಒಲೆ ಆರಿಸು, ಆ ಬಿಸಿಯಲ್ಲೇ ಜೀರಿಗೆ, ಬೆಳ್ಳುಳ್ಳಿ, ಕರಿಬೇವು ಆಗುತ್ತವೆ, ಚೂರು ಇಂಗು, ಖಾರದ ಪುಡಿ ಎಲ್ಲಕ್ಕಿಂತ ಕೊನೆಗೆ. ತಕ್ಷಣ ಬೇಳೆಗೆ ಸುರಿದು ಮುಚ್ಚಳ ಹಾಕಿಬಿಡು, ಘಮ ಬೇಳೆಯಲ್ಲೇ ಇರಲಿ. ಇದನ್ನು ದೊಡ್ಡವ್ವ ಹೇಳಿದ್ದು, ನಾನು ಬರೆದುಕೊಂಡೆ. ಎಣ್ಣೆ ಹೊಗೆಯಾಡುವ ತನಕ ಕಾಯಿಸಬೇಡ ಅಂತಲೂ ಹೇಳಿದಳು.

ಜಾಕೆಟ್ಟುಗಳನ್ನು ಎಲ್ಲಿ ನೇತುಹಾಕುತ್ತೀರಿ? ಬಾಗಿಲ ಪಕ್ಕ, ಅಡುಗೆಮನೆ ಎದುರಿಗೇ ಇದ್ದರೆ ಜಾಗ ಬದಲಿಸು. ಉಣ್ಣೆ ಬಟ್ಟೆ ವಾಸನೆ ಹಿಡಿದುಕೊಳ್ಳುತ್ತೆ. ಇದೊಂದು ನನ್ನ ಸ್ವಂತ ಅನುಭವ. ಅಲ್ಲಿಯ ಕೆಲವು ಚಿಮಣಿಗಳು ಹೊಗೆಯನ್ನು ಹೊರಗೆ ಬಿಡದೆ ಇದ್ದಿಲಿನ ಫಿಲ್ಟರಿನಲ್ಲಿ ಸೋಸಿ ಮತ್ತೆ ಒಳಗೇ ಬಿಡುತ್ತವೆ, ನಿಮ್ಮದೂ ಅಂಥದ್ದಾದರೆ ಆ ಫಿಲ್ಟರ್ ಯಾವಾಗ ಬದಲಿಸಿದ್ದು ಅಂತ ನೋಡು.

ಮಸಾಲೆ ಖಾರ ಮನೆಯಲ್ಲೇ ಮಾಡುತ್ತೇನೆ ಅಂತ ಹೋದ ಸಲ ಬಂದಾಗ ಹಟ ಹಿಡಿದಿದ್ದೆ. ಮಾಡು. ಆದರೆ ಮೆಣಸಿನಕಾಯಿಯನ್ನು ಆ ಮುಚ್ಚಿದ ಮನೆಯಲ್ಲಿ, ಚಳಿಗಾಲದಲ್ಲಿ ಹುರಿಯಬೇಡ, ಕಿಟಕಿ ತೆಗೆಯುವ ಕಾಲ ಬರಲಿ. ಎಲ್ಲವನ್ನೂ ಬೇರೆ ಬೇರೆ, ಸಣ್ಣ ಉರಿಯಲ್ಲಿ ಹುರಿಯಬೇಕಂತೆ, ಮೆಂತ್ಯ ಕಪ್ಪಾದರೆ ಇಡೀ ಖಾರ ಕಹಿ. ಒಂದು ಕಿಲೋ ಮೆಣಸಿನಕಾಯಿಯಲ್ಲಿ ಮುಕ್ಕಾಲು ಬ್ಯಾಡಗಿ, ಕಾಲು ಗುಂಟೂರು. ಅದಕ್ಕೆ ಕೊತ್ತಂಬರಿ ಬೀಜ ಅರ್ಧ ಕಿಲೋ. ಉಳಿದ ಒಣಕೊಬ್ಬರಿ, ಬೆಳ್ಳುಳ್ಳಿ, ಲವಂಗ, ಚಕ್ಕೆ, ಕಲ್ಲುಹೂವು ಇವುಗಳ ಲೆಕ್ಕ ದೊಡ್ಡವ್ವ ಕೈಯಲ್ಲೇ ಹಾಕುವುದು, ತೂಕ ಕೇಳಿದರೆ ಸಿಟ್ಟು ಬರುತ್ತೆ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಬಗೆ. ಡಬ್ಬಿ ಸಿಕ್ಕರೆ ಡಬ್ಬಿಯೇ ತಗೊ, ಕಡ್ಡಿಗಿಂತ ಗಿಡ್ಡ, ದಪ್ಪ, ಬಣ್ಣ ಜಾಸ್ತಿ. ಖಾರವೆಲ್ಲ ಬೀಜದಲ್ಲಿದೆ ಅಂತ ಜನ ಬೀಜ ಉದುರಿಸುತ್ತಾರೆ, ಸುಮ್ನೆ ಕೆಲಸ. ಖಾರ ಇರುವುದು ಬೀಜ ಅಂಟಿಕೊಂಡ ಬಿಳಿ ತಿರುಳಿನಲ್ಲಿ.

ನೋಡು, ಮೆಣಸಿನಕಾಯಿ ಮಾತು ಬಂದರೆ ನಿಲ್ಲಿಸಲಾರೆ. ಇನ್ನೊಂದೇ. 2011ರಲ್ಲಿ ನಮ್ಮ ಕಾಯಿಗೆ ಜಿಐ ಗುರುತು, ಅಂದರೆ ಇದು ಈ ಸೀಮೆಯದೇ ಅನ್ನುವ ಸರ್ಕಾರಿ ಗುರುತು ಸಿಕ್ಕಾಗ ಅಂಗಡಿಯಲ್ಲಿ ಪೇಡೆ ಹಂಚಿದ್ದೆವು. ಇಲ್ಲಿಯ ಕಾಯಿಯಿಂದ ಓಲಿಯೋರೆಸಿನ್ ಅನ್ನುವ ಕೆಂಪು ಸತ್ವ ತೆಗೆಯುತ್ತಾರಲ್ಲ, ಅದು ತುಟಿಯ ಬಣ್ಣಕ್ಕೂ ಹೋಗುತ್ತೆ. ನಿಮ್ಮ ಕಡೆ ಕೆಲವು ಸಾಸೇಜಿಗೆ, ಚೀಸಿಗೆ ಕೆಂಪು ಬರಿಸಲು ಬಳಸುವುದೂ ಮೆಣಸಿನಕಾಯಿಯ ಸತ್ವವೇ. ಆ ಕ್ಲಾಸಿನ ಮಗುವಿನ ಊಟದ ಡಬ್ಬಿಯಲ್ಲೂ ಇದ್ದೀತು. ಇದನ್ನು ಪುಟ್ಟಿಗೆ ಹೇಳಿ ಕೊಟ್ಟು ಜಗಳಕ್ಕೆ ಕಳಿಸಬೇಡ ಮತ್ತೆ.

ನಮ್ಮವ್ವ ನಮಗೆ ದೃಷ್ಟಿ ತೆಗೆಯುವಾಗ ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿ ಮೂಗು ಮುಂದೆ ಮಾಡಿ ನಿಲ್ಲುತ್ತಿದ್ದಳು. ಘಾಟು ಬರಲಿಲ್ಲ ಅಂದರೆ ಹೆದರಿಕೆ. ಇಡೀ ಓಣಿ ಕೆಮ್ಮಿದರೆ ಅವಳಿಗೆ ನೆಮ್ಮದಿ.

ಮತ್ತೆ ಅದೇ ಮಾತಿಗೆ ಬರುತ್ತೇನೆ, ಬೇಜಾರಾಗಬೇಡ. ನಿನ್ನ ಪತ್ರವನ್ನು ತಿರುಗಿ ಓದಿದೆ. ಕ್ಲಾಸಿನವರು ಏನಂದರು ಅಂತ ಇದೆ. ನೀನು ಎಷ್ಟು ಹೆದರಿದೆ ಅಂತ ಇದೆ. ಪುಟ್ಟಿ ಏನಂದಳು ಅಂತ ಎಲ್ಲೂ ಇಲ್ಲ. ಅತ್ತಳಾ? ನಕ್ಕಳಾ? ತಿರುಗಿ ಏನಾದರೂ ಅಂದಳಾ? ಕೇಳಿದ್ದೀಯಾ ಅವಳನ್ನು? ನಾನು ನಿಮ್ಮಣ್ಣನನ್ನು ಕೇಳಲಿಲ್ಲ, ಗೋಡೆ ಕಡೆ ತಿರುಗಿದ್ದವನನ್ನು ಈ ಕಡೆ ತಿರುಗಿಸಿ ಒಂದು ಮಾತು ಕೇಳಬಹುದಿತ್ತು. ಈಗ ಅವನಿಗೇ ತಲೆ ನರೆತಿದೆ, ಆ ಮಂಗಳವಾರ ಅವನಿಗೆ ನೆನಪಿದೆಯೋ ಇಲ್ಲವೋ, ಇಷ್ಟು ವರ್ಷದ ಮೇಲೆ ಹೇಗೆ ಕೇಳುವುದು ಅಂತ ನನಗೇ ಸಂಕೋಚ.

ನೀನು ಇವತ್ತೇ ಕೇಳು. ಅವಳು ಬೇಡ ಅಂದರೆ ಬಟ್ಟೆಗಳ ಕೋಣೆ ಬಾಗಿಲು ಹಾಕಿ ಒಗ್ಗರಣೆ ಹಾಕು, ಬೇಕು ಅಂದರೆ ಅವಳ ಕೈಯಿಂದಲೇ ಸಾಸಿವೆ ಹಾಕಿಸು, ಸ್ವಲ್ಪ ದೂರ ನಿಲ್ಲಿಸಿ.

ನಿನ್ನ ತಮ್ಮ ಬರುವಾಗ ಈ ವರ್ಷದ ಖಾರ ಎರಡು ಕಿಲೋ ಕಳಿಸುತ್ತೇನೆ. ಒಂದರ ಮೇಲೊಂದು ಮೂರು ಕವರ್ ಹಾಕಿಸಿದ್ದೇನೆ, ಆದರೂ ಅವನ ಬಟ್ಟೆಗೆ ವಾಸನೆ ಹತ್ತಿದರೆ ನಾನು ಹೊಣೆಯಲ್ಲ. ಅರ್ಧ ಫ್ರೀಜರಿನಲ್ಲಿಡು, ಬೆಳಕಿಗಿಟ್ಟರೆ ಬಣ್ಣ ಇಳಿಯುತ್ತೆ. ಉಪ್ಪು ಹಾಕಿಸಿಲ್ಲ.

ನಿನ್ನ ದೊಡ್ಡಪ್ಪ